ಬಸ್ ಮಾಲೀಕ ಕೇಳಿದ ವಿಮಾನ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, “ನೀವು ವಿಮಾನದ ಕಾರ್ಖಾನೆಯಲ್ಲಿ ಇದ್ದವರು, ವಿಮಾನದ ಬಗ್ಗೆಯೇ ಮಾತಾಡಿ” ಎಂದರು. ನಾನು ಮೂವತ್ತಮೂರು ವರ್ಷ ದುರಸ್ತಿ ವಿಭಾಗದಲ್ಲಿ ಕೆಲಸ ಮಾಡಿದವನು. ಹಾರಿಸಿದವನಲ್ಲ, ಬಿಚ್ಚಿ ಜೋಡಿಸಿದವನು. ರಾಕೆಟ್ಟು, ಯುದ್ಧವಿಮಾನ ಇವುಗಳ ಬಗ್ಗೆ ಹೇಳಿದರೆ ಮಕ್ಕಳಿಗೆ ಖುಷಿ ಎಂಬುದು ಗೊತ್ತು. ಆದರೆ ಅವನ್ನೆಲ್ಲ ನೀವು ಮೊಬೈಲಿನಲ್ಲೇ ನೋಡಿರುತ್ತೀರಿ. ಇವತ್ತು ನಾನು ಹೇಳಹೊರಟಿರುವುದು ಮರ, ಬಟ್ಟೆ, ಅಂಟು ಇಷ್ಟರಿಂದಲೇ ಮಾಡಿದ ಒಂದು ಸಣ್ಣ ಪ್ರಯಾಣಿಕ ವಿಮಾನ ಮತ್ತು ಅದರ ಸಂಸಾರದ ಕಥೆ. ಇಂಗ್ಲೆಂಡಿನ ಡಿ ಹ್ಯಾವಿಲ್ಯಾಂಡ್ ಕಂಪನಿಯದು. ಅದರ ಹೆಸರು ಡ್ರ್ಯಾಗನ್. ಕಾಗದದ ಮೇಲೆ ಡಿ.ಎಚ್. 84.

ಹೆಸರು ಕೇಳಿ ಹೆದರಬೇಡಿ, ಬಹಳ ಸಾಧು ವಿಮಾನ.

ಈ ಕಥೆಯಲ್ಲಿ ಮೊದಲು ಬರುವವನು ಎಂಜಿನಿಯರ್ ಅಲ್ಲ, ಒಬ್ಬ ಬಸ್ ಮಾಲೀಕ. ಎಡ್ವರ್ಡ್ ಹಿಲ್‌ಮನ್ ಎಂದು. ಹೆಚ್ಚು ಓದಿದವನಲ್ಲ. 1928ರಲ್ಲಿ ಲಂಡನ್ನಿನ ಪೂರ್ವಕ್ಕಿರುವ ಎಸೆಕ್ಸ್ ಕಡೆ ಬಸ್ ಓಡಿಸಲು ಶುರುಮಾಡಿ ಕೆಲವೇ ವರ್ಷಗಳಲ್ಲಿ ದೊಡ್ಡ ಬಸ್ ಕಂಪನಿ ಕಟ್ಟಿದ. ಬಸ್ಸಿನಲ್ಲಿ ಕಾಸು ಕಂಡವನಿಗೆ ಆಕಾಶದಲ್ಲೂ ಬಸ್ ಓಡಿಸಿದರೇನು ಅನ್ನಿಸಿತು. ರಾಮ್‌ಫರ್ಡ್ ಪಟ್ಟಣದ ಹತ್ತಿರ ಒಂದು ಹೊಲದಂಥ ಜಾಗದಿಂದ ಸಣ್ಣ ವಿಮಾನಗಳನ್ನು ಹಾರಿಸತೊಡಗಿದ. ಆಗ ಬ್ರಿಟನ್ನಿನಲ್ಲಿ ಇಂಪೀರಿಯಲ್ ಏರ್‌ವೇಸ್ ಎಂಬ ದೊಡ್ಡ ಕಂಪನಿಗೆ ಸರ್ಕಾರದ ಸಹಾಯಧನ ಸಿಗುತ್ತಿತ್ತು. ಹಿಲ್‌ಮನ್‌ಗೆ ಅಂಥದ್ದೇನೂ ಇರಲಿಲ್ಲ. ಟಿಕೆಟ್ ಮಾರಿದ ದುಡ್ಡಿನಲ್ಲೇ ಪೆಟ್ರೋಲು, ಪೈಲಟ್ಟಿನ ಸಂಬಳ, ರಿಪೇರಿ ಎಲ್ಲ ಆಗಬೇಕು. ಪೈಲಟ್ಟುಗಳನ್ನೂ ಅವನು ಬಸ್ ಡ್ರೈವರುಗಳ ಲೆಕ್ಕದಲ್ಲೇ ನೋಡುತ್ತಿದ್ದನಂತೆ. ಅದು ಅವರಿಗೆ ಹಿಡಿಸುತ್ತಿರಲಿಲ್ಲ ಅನ್ನೋದು ಬೇರೆ ಮಾತು.

ಅವನ ಹತ್ತಿರ ಫಾಕ್ಸ್ ಮಾತ್ ಎಂಬ ಒಂದೇ ಎಂಜಿನ್ನಿನ ವಿಮಾನಗಳಿದ್ದವು. ಮೂರು ನಾಲ್ಕು ಜನ ಹಿಡಿಸುವಂಥವು, ಖರ್ಚು ಕಡಿಮೆ. ಪ್ಯಾರಿಸ್ಸಿಗೆ ಹೋಗಬೇಕೆಂದರೆ ನಡುವೆ ಸಮುದ್ರವಿದೆ. ಆದ್ದರಿಂದ ಡಿ ಹ್ಯಾವಿಲ್ಯಾಂಡ್ ಕಂಪನಿಗೆ ಹೋಗಿ, ಇದೇ ಥರದ್ದು, ಆದರೆ ಎರಡು ಎಂಜಿನ್ ಇರುವುದು ಬೇಕು, ಖರ್ಚಿನ ಲೆಕ್ಕ ಮಾತ್ರ ಕೆಡಬಾರದು ಎಂದು ಕೇಳಿದ. ಇರಾಕಿನ ವಾಯುಪಡೆಯೂ ಸುಮಾರು ಅದೇ ಹೊತ್ತಿಗೆ ಎರಡು ಎಂಜಿನ್ನಿನ ಸಣ್ಣ ವಿಮಾನ ಹುಡುಕುತ್ತಿತ್ತು. ಆರ್ಥರ್ ಹ್ಯಾಗ್ ಎಂಬ ವಿನ್ಯಾಸಕಾರ ಕೂತು ನಕ್ಷೆ ಬರೆದ. 1932ರ ನವೆಂಬರ್ 12ರಂದು ಲಂಡನ್ನಿನ ಸ್ಟ್ಯಾಗ್ ಲೇನ್ ಮೈದಾನದಿಂದ ಮೊದಲ ಡ್ರ್ಯಾಗನ್ ಹಾರಿತು.

ಇಲ್ಲಿ ನಮ್ಮ ನಾಡಿನದೂ ಒಂದು ಎಳೆ ಇದೆ. ಅದಕ್ಕೆ ಒಂದು ತಿಂಗಳಷ್ಟೇ ಮುಂಚೆ, ಅಕ್ಟೋಬರ್ 15ರಂದು, ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಚೀಲ ಹೊತ್ತು ಮುಂಬಯಿಗೆ ಹಾರಿ ಬಂದಿದ್ದರು. ಅಲ್ಲಿಂದ ಆ ಅಂಚೆ ಬಳ್ಳಾರಿಯ ಮೇಲೆ ಮದರಾಸಿಗೆ ಹೋಯಿತು. ಹಾರಿಸಿದವರು ನೆವಿಲ್ ವಿನ್ಸೆಂಟ್. ಆ ವಿಮಾನ ಪಸ್ ಮಾತ್, ಅದೂ ಡಿ ಹ್ಯಾವಿಲ್ಯಾಂಡ್‌ನದೇ. ಅಂದರೆ ಬಳ್ಳಾರಿಯ ನೆಲಕ್ಕೆ ಇಳಿದದ್ದು ಡ್ರ್ಯಾಗನ್ನಿನ ಅಕ್ಕ ಎನ್ನಬಹುದು.

ಈಗ ವಿಮಾನದ ಹತ್ತಿರ ಬರೋಣ. ಕೆಳಗೊಂದು ಮೇಲೊಂದು ಎರಡು ಜೊತೆ ರೆಕ್ಕೆ, ನಡುವೆ ಕಂಬಗಳು, ತಂತಿಗಳು. ರೆಕ್ಕೆಯ ತುದಿಯಿಂದ ತುದಿಗೆ 14 ಮೀಟರ್ ಚಿಲ್ಲರೆ. ಖಾಲಿ ವಿಮಾನದ ತೂಕ ಸುಮಾರು 1,040 ಕಿಲೋ, ಅಂದರೆ ಈಗಿನ ಒಂದು ಮಾಮೂಲಿ ಕಾರಿನಷ್ಟು! ಒಡಲು ಪ್ಲೈವುಡ್ಡಿನ ಪೆಟ್ಟಿಗೆ, ಮೇಲೆ ಬಟ್ಟೆ. ರೆಕ್ಕೆಯೂ ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ್ದೇ. ಬಟ್ಟೆಗೆ ‘ಡೋಪ್’ ಎಂಬ ದ್ರಾವಣ ಬಳಿಯುತ್ತಾರೆ. ಒಣಗಿದಂತೆ ಬಟ್ಟೆ ಬಿಗಿಯುತ್ತದೆ, ಬೆಂಕಿಗೆ ಹಿಡಿದ ತಮಟೆ ಬಿಗಿಯುತ್ತದಲ್ಲ, ಹಾಗೆ. ಬೆರಳಲ್ಲಿ ತಟ್ಟಿದರೆ ಸದ್ದೂ ಬರುತ್ತದೆ. ಆ ಕಾಲದ ಮರದ ವಿಮಾನಗಳಲ್ಲಿ ಬಳಸುತ್ತಿದ್ದ ಅಂಟು ಹಾಲಿನ ಕೇಸೀನ್‌ನಿಂದ ಮಾಡಿದ್ದು ಎಂದರೆ ಇಲ್ಲಿ ಡೈರಿಗೆ ಹಾಲು ಹಾಕುವವರು ನಂಬಲಿಕ್ಕಿಲ್ಲ. ನಿಜ.

ಎಂಜಿನ್ ಎರಡು, ಒಂದೊಂದು 130 ಅಶ್ವಶಕ್ತಿಯ ಜಿಪ್ಸಿ ಮೇಜರ್. ನಮ್ಮ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹಾರುತ್ತಿದ್ದ ಟೈಗರ್ ಮಾತ್ ವಿಮಾನದಲ್ಲೂ ಇದೇ ಎಂಜಿನ್ ಇತ್ತು. ಇದರಲ್ಲಿ ಸಿಲಿಂಡರುಗಳು ತಲೆಕೆಳಗಾಗಿ ಕೂತಿರುತ್ತವೆ. ಹಾಗಾಗಿ ಪ್ರೊಪೆಲ್ಲರ್ ಎತ್ತರದಲ್ಲಿರುತ್ತದೆ, ನೆಲದ ಕಲ್ಲು ಹುಲ್ಲು ಬಡಿಯುವುದು ಕಡಿಮೆ. ಪೈಲಟ್ ಮೂತಿಯಲ್ಲಿ ಒಬ್ಬನೇ ಕೂರುತ್ತಾನೆ. ಹಿಂದೆ ಆರು ಜನ, ಒಬ್ಬೊಬ್ಬರಿಗೆ 20 ಕಿಲೋ ಸಾಮಾನು. ಗಂಟೆಗೆ ಸುಮಾರು 175 ಕಿಲೋಮೀಟರ್ ವೇಗ. ಎಂಜಿನ್ನುಗಳಿಂದಾಚೆಗಿನ ರೆಕ್ಕೆಗಳನ್ನು ಹಿಂದಕ್ಕೆ ಮಡಚಿಡಬಹುದು. ಯಾಕೆ ಗೊತ್ತೇ? ಸಣ್ಣ ಹ್ಯಾಂಗರ್ ಸಾಕು, ಬಾಡಿಗೆ ಉಳಿಯುತ್ತದೆ. ಬಸ್ ಮಾಲೀಕನ ಬುದ್ಧಿಗೆ ಹೊಂದುವ ಸೌಕರ್ಯ.

1933ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಬೋಯಿಂಗ್ 247 ಹಾರಿತು. ಪೂರಾ ಲೋಹದ್ದು, ಒಂದೇ ಜೊತೆ ರೆಕ್ಕೆ, ಗಂಟೆಗೆ ಸುಮಾರು 300 ಕಿಲೋಮೀಟರ್. ಅದರ ಪಕ್ಕದಲ್ಲಿ ನಿಲ್ಲಿಸಿದರೆ ಡ್ರ್ಯಾಗನ್ ಹುಟ್ಟುವಾಗಲೇ ಮುದುಕ. ಅದನ್ನು ಹಳೆಯ ಕಾಲದ್ದು ಎಂದು ತಳ್ಳಿಹಾಕಿ ಬರೆಯುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಲೋಹದ ವಿಮಾನಕ್ಕೆ ಬೇಕಾದ ಕಾರ್ಖಾನೆ, ಬಂಡವಾಳ, ರನ್‌ವೇ ಯಾರ ಹತ್ತಿರ ಇದ್ದವು? ಡ್ರ್ಯಾಗನ್ ಕೇಳಿದ್ದು ಒಂದು ಹುಲ್ಲುಗಾವಲು, ಒಬ್ಬ ಒಳ್ಳೆಯ ಬಡಗಿ, ಒಬ್ಬ ಮೆಕ್ಯಾನಿಕ್.

ಅದರ ಬೆಲೆ ಎಲ್ಲಿ ಗೊತ್ತಾಯಿತೆಂದರೆ ಸ್ಕಾಟ್ಲೆಂಡಿನ ದ್ವೀಪಗಳಲ್ಲಿ. ಅಲ್ಲಿ ಜಾನ್ ಸ್ವೋರ್ಡ್ ಎಂಬ ಇನ್ನೊಬ್ಬ, ಅವನೂ ಬಸ್ ಕಂಪನಿಯವನೇ, ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ಏರ್ ಫೆರೀಸ್ ಎಂಬ ವಿಮಾನ ಸೇವೆ ಶುರುಮಾಡಿದ್ದ. 1933ರ ಮೇ 14ರಂದು ಐಲಾ ಎಂಬ ದ್ವೀಪದಲ್ಲಿ ಒಬ್ಬ ಮೀನುಗಾರನಿಗೆ ಹೊಟ್ಟೆಯೊಳಗೆ ತೂತಾಗಿ ಜೀವಕ್ಕೆ ಬಂತು. ದೋಣಿಯಲ್ಲಿ, ಆಮೇಲೆ ರಸ್ತೆಯಲ್ಲಿ ಹೊತ್ತುಕೊಂಡು ಗ್ಲಾಸ್ಗೋ ಮುಟ್ಟುವ ಹೊತ್ತಿಗೆ ಆಸಾಮಿ ಉಳಿಯುವಂತಿರಲಿಲ್ಲ. ಜಿಮ್ಮಿ ಆರೆಲ್ ಎಂಬ ಪೈಲಟ್ ಡ್ರ್ಯಾಗನ್ ತೆಗೆದುಕೊಂಡು ಹೋಗಿ ಅವನನ್ನು ಗ್ಲಾಸ್ಗೋ ಪಕ್ಕದ ರೆನ್‌ಫ್ರೂಗೆ ತಂದ. ಸ್ಕಾಟ್ಲೆಂಡಿನಲ್ಲಿ ವಿಮಾನ ಆಂಬುಲೆನ್ಸ್ ಎಂಬುದು ಅಲ್ಲಿಂದ ಶುರು. ರೋಗಿಯನ್ನು ಕರೆದುಕೊಂಡು ಹೋಗಲು ಗಾಡಿಗೆ ಕಾದು ಕೂತವರು ಈ ಸಭೆಯಲ್ಲೂ ಇದ್ದಾರೆ. ಅವರಿಗೆ ನಾನು ಇದನ್ನು ವಿವರಿಸಿ ಹೇಳಬೇಕಿಲ್ಲ.

ಇನ್ನು ಮಾದರಿಗಳ ವಿಷಯ. ಪುಸ್ತಕಗಳಲ್ಲಿ ಡ್ರ್ಯಾಗನ್ 1, ಡ್ರ್ಯಾಗನ್ 2, 84 ಎಂ ಎಂದೆಲ್ಲ ಪಟ್ಟಿ ಕೊಟ್ಟಿರುತ್ತಾರೆ, ಓದಿದರೆ ನಿದ್ದೆ ಬರುತ್ತದೆ. ನಾನು ವರ್ಕ್‌ಶಾಪಿನಲ್ಲಿ ಕಲಿತ ಒಂದು ಅಭ್ಯಾಸವಿದೆ. ಯಾವುದೇ ಬದಲಾವಣೆ ಕಂಡರೆ, ಇದನ್ನು ಯಾರು ಕೇಳಿದರು ಎಂದು ಮೊದಲು ಕೇಳಿಕೊಳ್ಳುವುದು. ಆಗ ಪಟ್ಟಿಗೆ ಜೀವ ಬರುತ್ತದೆ. 63ನೇ ವಿಮಾನದಿಂದ ಡ್ರ್ಯಾಗನ್ 2 ಆಯಿತು. ಉದ್ದಕ್ಕೆ ಒಂದೇ ಪಟ್ಟಿಯಂತಿದ್ದ ಕಿಟಕಿಯ ಬದಲು ಒಂದೊಂದಕ್ಕೂ ಪ್ರತ್ಯೇಕ ಚೌಕಟ್ಟು ಬಂತು, ಚಕ್ರದ ಕಾಲುಗಳಿಗೆ ಗಾಳಿ ಸೀಳುವ ಹೊದಿಕೆ ಬಂತು. ಇರಾಕಿಗೆ ಹೋದ 8 ವಿಮಾನಗಳಿಗೆ ಮೆಷಿನ್ ಗನ್ನು, ಬಾಂಬು ಕಟ್ಟುವ ಕೊಕ್ಕೆ. ಅದೇ ಪ್ಲೈವುಡ್ ಪೆಟ್ಟಿಗೆ, ಕೇಳಿದವರು ಬೇರೆ. ಬ್ರಿಟನ್ನಿನಲ್ಲಿ ಒಟ್ಟು 115 ಡ್ರ್ಯಾಗನ್ ತಯಾರಾದವು. 1936ರ ಮೇ 27ರಂದು ಐರ್ಲೆಂಡಿನ ಏರ್ ಲಿಂಗಸ್ ಕಂಪನಿ ತನ್ನ ಮೊಟ್ಟಮೊದಲ ಹಾರಾಟವನ್ನು ಡಬ್ಲಿನ್ನಿನಿಂದ ಬ್ರಿಸ್ಟಲ್ಲಿಗೆ ಮಾಡಿದ್ದು ಇಂಥ ಒಂದು ಡ್ರ್ಯಾಗನ್ನಿನಲ್ಲೇ.

ಕೇಳಿದವರ ಅವಸರ ಏನು ಮಾಡುತ್ತದೆ ಎನ್ನುವುದಕ್ಕೆ ಡಿ.ಎಚ್. 86 ಉದಾಹರಣೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಿಂಗಪುರದಿಂದ ಆಸ್ಟ್ರೇಲಿಯಾದ ಬ್ರಿಸ್ಬೇನಿಗೆ ಅಂಚೆ ಮತ್ತು ಪ್ರಯಾಣಿಕರನ್ನು ಒಯ್ಯಲು ದೊಡ್ಡ ವಿಮಾನ ಬೇಕಿತ್ತು. ಡ್ರ್ಯಾಗನ್ನನ್ನೇ ಹಿಗ್ಗಿಸಿ ನಾಲ್ಕು ಎಂಜಿನ್ ಇಟ್ಟು, ನಾಲ್ಕೇ ತಿಂಗಳಲ್ಲಿ ಸಿದ್ಧಮಾಡಿದರು. 1934ರ ಜನವರಿ 14ರಂದು ಹಾರಿತು, ಗಡುವಿನೊಳಗೆ ತಿಂಗಳ ಕೊನೆಗೇ ಪ್ರಮಾಣಪತ್ರವೂ ಸಿಕ್ಕಿತು. ಎರಡು ವಾರ! ಅದೇ ಅಕ್ಟೋಬರ್ 19ರಂದು ‘ಮಿಸ್ ಹೋಬಾರ್ಟ್’ ಎಂಬ ಹೆಸರಿನ ಡಿ.ಎಚ್. 86 ಟ್ಯಾಸ್ಮೇನಿಯಾ ಮತ್ತು ಆಸ್ಟ್ರೇಲಿಯಾದ ನಡುವಿನ ಬಾಸ್ ಜಲಸಂಧಿಯ ಮೇಲೆ ಕಾಣೆಯಾಯಿತು. ಅದರಲ್ಲಿದ್ದ ಒಬ್ಬರೂ ಉಳಿಯಲಿಲ್ಲ. ನವೆಂಬರ್ 15ರಂದು ಕ್ವಾಂಟಾಸ್ ಕಂಪನಿಗೆ ತಲುಪಿಸಲು ಒಯ್ಯುತ್ತಿದ್ದ ಇನ್ನೊಂದು, ಲಾಂಗ್‌ರೀಚ್ ಊರಿನ ಹತ್ತಿರ ಬಿದ್ದು ನಾಲ್ವರು ಸತ್ತರು. ಬಾಲದ ಲಂಬ ರೆಕ್ಕೆಯನ್ನು ಹೊಂದಿಸುವ ಯಂತ್ರದ ಮೇಲೆ ಸಂಶಯ ಬಂತು. ಮರುವರ್ಷ ಮತ್ತೊಂದು ಸಮುದ್ರಕ್ಕೆ ಬಿತ್ತು. 1936ರಲ್ಲಿ ಮತ್ತೆ ಪರೀಕ್ಷೆ ಮಾಡಿ, ಬಾಲದ ಎರಡು ತುದಿಗೆ ಗುರಾಣಿಯಂಥ ಹೆಚ್ಚುವರಿ ರೆಕ್ಕೆ ಜೋಡಿಸಿದರು. ಅದು 86 ಬಿ. ಪುಸ್ತಕದ ಪಟ್ಟಿಯಲ್ಲಿ ಆ ‘ಬಿ’ ಒಂದು ಅಕ್ಷರ ಅಷ್ಟೆ. ನಾನು ಅದನ್ನು ಓದುವಾಗಲೆಲ್ಲ ಬಾಸ್ ಜಲಸಂಧಿ ನೆನಪಾಗುತ್ತದೆ. ಈ ಜಾತಿಯ ವಿಮಾನ 62ಕ್ಕೇ ನಿಂತಿತು.

ಆದರೆ ಅದರಿಂದ ಒಂದು ಒಳ್ಳೆಯದೂ ಹುಟ್ಟಿತು. 86ರ ಚೂಪು ರೆಕ್ಕೆ, 200 ಅಶ್ವಶಕ್ತಿಯ ಜಿಪ್ಸಿ ಸಿಕ್ಸ್ ಎಂಜಿನ್ ಇವನ್ನು ಡ್ರ್ಯಾಗನ್ನಿನ ಅಳತೆಗೆ ಇಳಿಸಿ ಡಿ.ಎಚ್. 89 ಮಾಡಿದರು. ಅದೇ ಡ್ರ್ಯಾಗನ್ ರಾಪಿಡ್, 1934ರ ಏಪ್ರಿಲ್ 17ರಂದು ಹಾರಿದ್ದು. ಚಕ್ರಗಳಿಗೆ ಪ್ಯಾಂಟು ತೊಡಿಸಿದಂಥ ಹೊದಿಕೆ, ನೋಡಲು ಅಣ್ಣನಿಗಿಂತ ಲಕ್ಷಣ. ಮೊದಲ ಗಿರಾಕಿ ಮತ್ತೆ ಹಿಲ್‌ಮನ್ನೇ. ಅವನ ಬಸ್ಸುಗಳನ್ನು ಆ ಹೊತ್ತಿಗೆ ಲಂಡನ್ ಸಾರಿಗೆ ಮಂಡಳಿ ತೆಗೆದುಕೊಂಡಾಗಿತ್ತು, ಉಳಿದದ್ದು ವಿಮಾನಗಳೇ. 1934ರ ಕೊನೆಯ ದಿನ ಅವನು ತೀರಿಕೊಂಡ. 1937ರಿಂದ ರೆಕ್ಕೆಗೆ ಫ್ಲ್ಯಾಪ್ ಸೇರಿಸಿದರು, ಇಳಿಯುವಾಗ ವೇಗ ತಗ್ಗಿಸಲು. ಅದು 89 ಎ.

1936ರ ಜುಲೈ 11ರಂದು ಲಂಡನ್ನಿನ ಕ್ರಾಯ್ಡನ್‌ನಿಂದ ಪ್ರವಾಸಿಗರನ್ನು ಹೊತ್ತು ಒಂದು ರಾಪಿಡ್ ಕೆನರಿ ದ್ವೀಪಗಳತ್ತ ಹೊರಟಿತು. ಪ್ರವಾಸ ಬರೀ ನೆಪ. ಪೈಲಟ್ ಸೆಸಿಲ್ ಬೆಬ್ ಅದರಲ್ಲಿ ಜನರಲ್ ಫ್ರಾಂಕೋನನ್ನು ಮೊರಾಕ್ಕೋಗೆ ಮುಟ್ಟಿಸಿದ, ಸ್ಪೇನಿನ ಅಂತರ್ಯುದ್ಧ ಹೊತ್ತಿಕೊಂಡಿತು. ಆ ವಿಮಾನ ಮ್ಯಾಡ್ರಿಡ್ಡಿನ ವಸ್ತುಸಂಗ್ರಹಾಲಯದಲ್ಲಿದೆ. ಬಾಡಿಗೆ ಗಾಡಿಗೆ ಒಳಗೆ ಕೂತವನು ಯಾರೆಂದು ತಿಳಿಯುವುದಿಲ್ಲವಲ್ಲ.

ಎರಡನೇ ಮಹಾಯುದ್ಧ ಬಂದಾಗ ರಾಪಿಡ್‌ಗೆ ಡೊಮಿನಿ ಎಂಬ ಮಿಲಿಟರಿ ಹೆಸರು ಬಂತು. ವೈರ್‌ಲೆಸ್ ಮತ್ತು ದಾರಿ ಗುರುತಿಸುವ ತರಬೇತಿಗೆ ಬಳಸಿದರು. ಹ್ಯಾಟ್‌ಫೀಲ್ಡಿನ ಕಾರ್ಖಾನೆಗೆ ಮಸ್ಕಿಟೋ ಯುದ್ಧವಿಮಾನದ ಕೆಲಸವೇ ಹೊರಲಾರದಷ್ಟಾಯಿತು. ಆಗ ಈ ಕೆಲಸವನ್ನು ಯಾರಿಗೆ ಕೊಟ್ಟರು ಅಂತೀರಿ? ಲಫ್‌ಬರೋದ ಬ್ರಷ್ ಕಂಪನಿಗೆ. ಅವರು ಟ್ರಾಮು, ಬಸ್ಸುಗಳ ಬಾಡಿ ಕಟ್ಟುವವರು! ಬಸ್ಸಿನವನು ಕೇಳಿದ್ದು ಕೊನೆಗೆ ಬಸ್ ಕಟ್ಟುವವರ ಕೈಗೇ ಬಂತು. 1943ರಿಂದ ಅವರು 300ಕ್ಕೂ ಹೆಚ್ಚು ವಿಮಾನ ಕಟ್ಟಿದರು. ಎಲ್ಲ ಸೇರಿ ರಾಪಿಡ್ ಮತ್ತು ಡೊಮಿನಿಗಳು 700 ದಾಟಿದವು.

ಆಸ್ಟ್ರೇಲಿಯಾದಲ್ಲಿ ಇನ್ನೂ ಸ್ವಾರಸ್ಯ. ಅವರ ವಾಯುಪಡೆಗೂ ತರಬೇತಿ ವಿಮಾನ ಬೇಕಿತ್ತು. ರಾಪಿಡ್ ಹೊಸದು, ಆದರೆ ಅದರ ಎಂಜಿನ್ ಅಲ್ಲಿ ಸಿಗುತ್ತಿರಲಿಲ್ಲ. ಟೈಗರ್ ಮಾತ್‌ಗೆಂದು ಜಿಪ್ಸಿ ಮೇಜರ್ ಅಲ್ಲೇ ತಯಾರಾಗುತ್ತಿತ್ತು. ಹಾಗಾಗಿ ಹಳೆಯ ಡ್ರ್ಯಾಗನ್ನಿನ ಅಚ್ಚುಗಳನ್ನು ಇಂಗ್ಲೆಂಡಿನಿಂದ ತರಿಸಿ, ಸಿಡ್ನಿ ಹತ್ತಿರದ ಬ್ಯಾಂಕ್ಸ್‌ಟೌನಿನಲ್ಲಿ 1942 ಮತ್ತು 43ರಲ್ಲಿ 87 ಡ್ರ್ಯಾಗನ್ ಕಟ್ಟಿದರು. ನಿಲ್ಲಿಸಿದ್ದ ಮಾದರಿ ಹತ್ತು ವರ್ಷದ ಮೇಲೆ ಮತ್ತೆ ಹುಟ್ಟಿದ್ದು ಕೈಗೆ ಸಿಗುವ ಎಂಜಿನ್ನಿನ ದೆಸೆಯಿಂದ. ಸ್ಪೇರ್ ಪಾರ್ಟ್ ಇಲ್ಲದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡವರಿಗೆ ಇದರ ಅರ್ಥ ಚೆನ್ನಾಗಿ ಆಗುತ್ತದೆ. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಕೆಲವು ಅಲ್ಲಿನ ಫ್ಲೈಯಿಂಗ್ ಡಾಕ್ಟರ್ ಸೇವೆಗೆ ಹೋದವು, ನೂರಾರು ಮೈಲಿ ದೂರದ ಒಂಟಿ ಮನೆಗಳಿಗೆ ವೈದ್ಯರನ್ನು ಕರೆದೊಯ್ಯಲು.

ಬ್ರಿಟನ್ನಿನಲ್ಲೂ ಯುದ್ಧದಿಂದ ಬಿಡುಗಡೆಯಾದ ಡೊಮಿನಿಗಳಿಗೆ ಮತ್ತೆ ಸೀಟು ಹಾಕಿ ರಾಪಿಡ್ ಮಾಡಿದರು. ನೈಋತ್ಯ ತುದಿಯ ಸಿಲಿ ದ್ವೀಪಗಳಿಗೆ 1964ರವರೆಗೂ ಜನರನ್ನು ಒಯ್ದದ್ದು ಅವೇ, ಜೆಟ್ ವಿಮಾನಗಳು ಸಾಗರ ದಾಟುತ್ತಿದ್ದ ಕಾಲದಲ್ಲಿ. ಆಮೇಲೆ ಆ ಕೆಲಸ ಹೆಲಿಕಾಪ್ಟರಿಗೆ ಹೋಯಿತು. ಕೇಂಬ್ರಿಜ್ ಹತ್ತಿರದ ಡಕ್ಸ್‌ಫರ್ಡಿನಲ್ಲಿ ದುಡ್ಡು ಕೊಟ್ಟರೆ ರಾಪಿಡ್‌ನಲ್ಲಿ ಒಂದು ಸುತ್ತು ಹಾರಿಸುತ್ತಾರೆ. ಮೇಲೆ ಹೋದಾಗ ರೆಕ್ಕೆಯ ಬಟ್ಟೆಯನ್ನು ಕಿಟಕಿಯಿಂದಲೇ ನೋಡಬಹುದು.

ಹತ್ತನೇ ತರಗತಿಯವರು ವಿಮಾನದ ಚಿತ್ರಗಳನ್ನು ಚಾರ್ಟಿನಲ್ಲಿ ಬರೆದು ವಿಜ್ಞಾನ ಕೊಠಡಿಯಲ್ಲಿ ಹಾಕಿದ್ದಾರೆ. ಊಟದ ಮೊದಲು ಅಲ್ಲಿಗೆ ಬನ್ನಿ, ಡ್ರ್ಯಾಗನ್ ಯಾವುದು ರಾಪಿಡ್ ಯಾವುದು ಎಂದು ರೆಕ್ಕೆಯ ತುದಿ ನೋಡಿ ಗುರುತಿಸುವುದನ್ನು ತೋರಿಸುತ್ತೇನೆ. ಪ್ರಶ್ನೆಗಳನ್ನೂ ಅಲ್ಲೇ ಕೇಳಿ.