ಯಾರ ಮಾತು, ಯಾರ ಬಾಯಲ್ಲಿ?

(ಶತಮಾನೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ಗಡಿನಾಡಿನ ಈ ಕನ್ನಡ ಶಾಲೆಗೆ ನೂರು ತುಂಬಿದ ಶುಭವೇಳೆಯಲ್ಲಿ ದೂರದ ಅಮೆರಿಕೆಯ ಒಬ್ಬ ಹೆಣ್ಣುಮಗಳನ್ನು ನೆನೆಯಬಯಸುತ್ತೇನೆ. ನುಡಿಯ ನೋವನ್ನು ಬಲ್ಲ ನಮಗೆ ಆಕೆ ಪರಕೀಯಳಲ್ಲ.

ಸೋಜರ್ನರ್ ಟ್ರೂತ್ ಸುಮಾರು 1797ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿದಳು. ಆಕೆಯ ಮೊದಲ ನುಡಿ ಡಚ್. ಎಳೆಯ ವಯಸ್ಸಿನಲ್ಲಿ ಕುರಿಗಳೊಡನೆ ಇಂಗ್ಲಿಷ್ ಮನೆತನವೊಂದಕ್ಕೆ ಮಾರಾಟವಾದಳು. ಒಡೆಯರ ಭಾಷೆ ತಿಳಿಯದ ತಪ್ಪಿಗೆ ಏಟು ತಿಂದಳು. ಬಿಡುಗಡೆಯ ಬಳಿಕ, 1851ರಲ್ಲಿ, ಒಹಾಯೋದ ಆಕ್ರನ್ ಪಟ್ಟಣದ ಮಹಿಳಾ ಹಕ್ಕುಗಳ ಸಮ್ಮೇಳನದಲ್ಲಿ ಎದ್ದು ನಿಂತು ಮಾತನಾಡಿದಳು. ಹೊಲದ ದುಡಿಮೆಯಲ್ಲಿ ತಾನು ಗಂಡಸಿಗೆ ಕಡಿಮೆಯಲ್ಲವೆಂಬುದು ಆ ಮಾತಿನ ಸಾರ.

ಆಕೆಗೆ ಓದುಬರಹ ಬರುತ್ತಿರಲಿಲ್ಲ, ಬರೆದುಕೊಂಡವರು ಬೇರೆಯವರು. ಅದೇ ವರ್ಷ ಪತ್ರಿಕೆಯಲ್ಲಿ ಬಂದ ವರದಿ ಒಂದು ಬಗೆಯದು. ಸಮ್ಮೇಳನದ ಅಧ್ಯಕ್ಷೆಯಾಗಿದ್ದ ಬಿಳಿಯ ಮಹಿಳೆ ಫ್ರಾನ್ಸಿಸ್ ಗೇಜ್ 1863ರಲ್ಲಿ ಪ್ರಕಟಿಸಿದ ರೂಪವೇ ಬೇರೆ. ಅದರಲ್ಲಿ, ಡಚ್ ಆಡುತ್ತ ಬೆಳೆದವಳ ಬಾಯಲ್ಲಿ ದಕ್ಷಿಣದ ಗುಲಾಮರ ಇಂಗ್ಲಿಷು. ಐದು ಮಕ್ಕಳ ತಾಯಿಗೆ ಹದಿಮೂರು ಮಕ್ಕಳು! ಜಗತ್ತು ನೆನಪಿಟ್ಟುಕೊಂಡದ್ದು ಈ ರೂಪವನ್ನೇ.

ಗೇಜ್ ವೈರಿಯಲ್ಲ, ಗುಲಾಮಗಿರಿಯ ವಿರೋಧಿ. ಸವಲತ್ತಿನ ಸ್ವಭಾವವೇ ಹೀಗೆ. ಅದಕ್ಕೆ ದುರುದ್ದೇಶ ಬೇಕಿಲ್ಲ. ಇನ್ನೊಬ್ಬರ ಪರವಾಗಿ ಮಾತನಾಡುವ ಅಧಿಕಾರ ತನಗೆ ಸಹಜವಾಗಿಯೇ ಇದೆಯೆಂದು ಅದು ನಂಬಿರುತ್ತದೆ. 1989ರಲ್ಲಿ ಕಾನೂನು ಚಿಂತಕಿ ಕಿಂಬರ್ಲೆ ಕ್ರೆನ್‌ಶಾ ಈ ಕುರುಡನ್ನು ವಿವರಿಸಿದರು. ಹೆಣ್ಣು ಎಂದೊಡನೆ ಬಿಳಿಯ ಹೆಣ್ಣು, ಕಪ್ಪು ಜನ ಎಂದೊಡನೆ ಕಪ್ಪು ಗಂಡಸು ಕಣ್ಣಿಗೆ ಕಟ್ಟಿದರೆ, ಎರಡೂ ಆಗಿರುವವಳು ಕಾಣದೆ ಹೋಗುತ್ತಾಳೆ.

ಪರರ ಮಾತೇಕೆ? ಇದೇ ವೇದಿಕೆಯಲ್ಲಿ, ಏಳನೆಯ ತರಗತಿಯಲ್ಲಿ, ಸ್ತ್ರೀಯರ ಕಷ್ಟಗಳ ಕುರಿತು ಭಾಷಣ ಮಾಡಿ ನಾನು ಬಹುಮಾನ ಪಡೆದೆ. ಭಾಷಣ ಬರೆದುಕೊಟ್ಟವರು ನನ್ನ ತಂದೆ. ಕೂಲಿಗೆ ಹೋಗಿ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ ಗೆಳತಿ ಮರುವರ್ಷ ಶಾಲೆಗೆ ಬರಲಿಲ್ಲ. ಆಕೆಯ ಕಷ್ಟವೇನೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ಬಹುಮಾನದ ಲೋಟ ಇಂದಿಗೂ ನನ್ನ ಮನೆಯಲ್ಲಿದೆ.

ನಮ್ಮ ನುಡಿಗೆ ಕಿವಿಗೊಡುವವರಿಲ್ಲವೆಂದು ಗಡಿನಾಡಿನ ನಾವು ನೊಂದಿದ್ದೇವೆ. ಆ ನೋವು ನಮ್ಮ ನಡುವೆಯೇ ಮಾತಿಲ್ಲದೆ ಉಳಿದವರಿಗೆ ಕಿವಿಗೊಡುವುದನ್ನು ನಮಗೆ ಕಲಿಸಲಿ. ತಾಯ್ನುಡಿಯಲ್ಲಿ ಅಕ್ಷರ ಕಲಿಸುವುದೆಂದರೆ, ಪ್ರತಿ ಮಗುವಿಗೂ ತನ್ನ ಕಥೆಯನ್ನು ತಾನೇ ಬರೆಯುವ ಬಲ ಕೊಡುವುದು. ಪಾಲಕರಲ್ಲಿ ನನ್ನ ಬಿನ್ನಹವಿಷ್ಟೇ: ಸುಗ್ಗಿ ಬಂದಾಗ, ಅಡಚಣೆ ಬಂದಾಗ, ಶಾಲೆ ಬಿಡಿಸುವ ಸರದಿ ಮಗಳದೇ ಮೊದಲಾಗದಿರಲಿ.