ಮಂಡಿ ಸವೆತ: ಶಸ್ತ್ರಕ್ರಿಯೆಗೆ ಮುನ್ನ



ರಾಗಿ ಹೊಲದಲ್ಲಿ ದಿನವಿಡೀ ಕುಕ್ಕರುಗಾಲಿನಲ್ಲಿ ಕುಳಿತು ಕಳೆ ಕಿತ್ತವರು ಸಂಜೆ ಏಳುವಾಗ ಮಂಡಿ ಹಿಡಿದುಕೊಳ್ಳುವುದು ಹೊಸ ಮಾತಲ್ಲ. ನಲವತ್ತೈದು ದಾಟಿದ ಮೇಲೆ ಈ ನೋವು ಬಿಡದೆ ಕಾಡಿದರೆ ಅನೇಕ ವೇಳೆ ಮೃದ್ವಸ್ಥಿಯ ಸವೆತವೇ ಕಾರಣ. ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪಾದ ಪದರವೇ ಮೃದ್ವಸ್ಥಿ. ಇದಕ್ಕೆ ರಕ್ತನಾಳಗಳಿಲ್ಲ, ಆದ್ದರಿಂದ ಚರ್ಮದ ಗಾಯದಂತೆ ಮಾಯುವುದಿಲ್ಲ. ಸವೆದುದನ್ನು ಮೊದಲಿನಂತೆ ಬೆಳೆಸುವ ಮಾತ್ರೆಯಾಗಲಿ ಪುಡಿಯಾಗಲಿ ಇಲ್ಲ.

ಹಾಗೆಂದು ನೋವು ಇಳಿಯದೆಂದಲ್ಲ. ಮಂಡಿಗೆ ಆಸರೆ ಕೊಡುವುದು ತೊಡೆಯ ಮುಂಭಾಗದ ಸ್ನಾಯು. ನೋವೆಂದು ಸುಮ್ಮನೆ ಕುಳಿತರೆ ಅದು ಸೊರಗಿ ನೋವು ಇನ್ನೂ ಹೆಚ್ಚುತ್ತದೆ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರಕ್ಕೆ ಚಾಚಿ, ತೊಡೆ ಬಿಗಿಹಿಡಿದು, ಐದು ಎಣಿಸಿ ನಿಧಾನವಾಗಿ ಇಳಿಸಬೇಕು. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಮೊದಮೊದಲು ಸ್ವಲ್ಪ ನೋವಾದರೆ ಹೆದರಬೇಕಾಗಿಲ್ಲ. ಮರುದಿನವೂ ಊತ ಉಳಿದರೆ ಎಣಿಕೆ ತಗ್ಗಿಸಬೇಕು. ಎರಡು ಮೂರು ತಿಂಗಳು ಬಿಡದೆ ಮಾಡಬೇಕು. ಯೂರಿಯಾ ಕೊಟ್ಟ ವಾರದೊಳಗೆ ಹಸಿರೇರುವ ಪೈರಿನಂತಲ್ಲ ಇದು.

ಸ್ಥೂಲಕಾಯದವರು 1 ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋದಷ್ಟು ಇಳಿಯುವುದೆಂದು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಕೋಲು ಹಿಡಿಯುವವರು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕು.

ಇನ್ನು ಕೆಲಸದ ರೀತಿ. ಸಾಲಿನಲ್ಲಿ ಬಿತ್ತಿದ ಹೊಲದಲ್ಲಿ ಸೈಕಲ್ ಎಡೆಕುಂಟೆಯನ್ನು ನಿಂತೇ ತಳ್ಳಬಹುದು. ಗಿಡಗಳ ನಡುವಿನ ಕಳೆಗೆ ಮಾತ್ರ ಬಗ್ಗಿದರೆ ಸಾಕು. ಕಳೆ ಕೀಳುವವರು ಹೆಚ್ಚಾಗಿ ಹೆಂಗಸರು, ಉಪಕರಣ ಕೊಳ್ಳುವವರು ಗಂಡಸರು. ಈ ಕುಂಟೆ ಎಷ್ಟೋ ಮನೆಗಳಿಗೆ ಬಾರದಿರುವುದಕ್ಕೆ ಬೆಲೆಯೊಂದೇ ಕಾರಣವಲ್ಲ. ಹಾಲು ಕರೆಯಲು ಎತ್ತರದ ಮಣೆ ಬಳಸಿದರೂ ಮಂಡಿಗೆ ಬಿಡುವು ಸಿಗುತ್ತದೆ.

ಬೆಳೆ ಮಾರಿದ ಹಣವನ್ನು ಔಷಧಿಗೆ ಸುರಿಯುವ ಮುನ್ನ ಎರಡು ಸಂಗತಿ ತಿಳಿದಿರಲಿ. 2006ರಲ್ಲಿ ಅಮೆರಿಕದಲ್ಲಿ 1583 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಹೊರಬಿತ್ತು. ಗ್ಲೂಕೋಸಮೈನ್ ಮಾತ್ರೆ ಒಟ್ಟಾರೆ ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. 2017ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಎರಡು ವರ್ಷ ಮೂರು ತಿಂಗಳಿಗೊಮ್ಮೆ ಮಂಡಿಗೆ ಸ್ಟೀರಾಯ್ಡ್ ಚುಚ್ಚಿಸಿಕೊಂಡವರಿಗೆ ಉಪ್ಪುನೀರು ಚುಚ್ಚಿಸಿಕೊಂಡವರಿಗಿಂತ ನೋವು ಕಡಿಮೆಯಾಗಲಿಲ್ಲ, ಮೃದ್ವಸ್ಥಿ ಮಾತ್ರ ಹೆಚ್ಚು ಸವೆಯಿತು. ನೋವಿಗೆ ಮೊದಲು ಡೈಕ್ಲೋಫೆನಾಕ್ ಮುಲಾಮು ಹಚ್ಚಿ ನೋಡುವುದು ಲೇಸು. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ದಿನವೂ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಅಪಾಯ.

ಮಂಡಿ ಕೆಂಪೇರಿ ಬಿಸಿಯಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಮಡಿಸಿದ ಮಂಡಿ ಬಿಚ್ಚದೆ ಸಿಕ್ಕಿಕೊಂಡರೆ ವ್ಯಾಯಾಮ ಮಾಡುತ್ತ ಕೂರದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು.