ತೊಗಟೆ ದುಂಬಿಯ ನೆಲೆ ಎಲ್ಲಿ?

ರಾಯದುರ್ಗ, ಮಡಕಶಿರದ ಕಡೆ ದಾಳಿಂಬೆ ಹಾಕಿದವರು ಒಮ್ಮೆ ಗಿಡದ ಬುಡ ನೋಡಿ. ಗುಂಡುಸೂಜಿ ಚುಚ್ಚಿದಂಥ ತೂತು, ಕೆಳಗೆ ಉದುರಿದ ಮರದ ಪುಡಿ ಕಂಡರೆ ಅದು ತೊಗಟೆ ದುಂಬಿಗಳ ಬಳಗದ ಕಾಂಡಕೊರಕದ ಕೆಲಸ. ಎಳ್ಳುಕಾಳಿನಷ್ಟಿರುವ ಇದು ಮರವನ್ನು ತಿನ್ನುವುದಿಲ್ಲ. ಒಳಗೆ ಸುರಂಗ ಕೊರೆದು, ಬೂಷ್ಟು ಬೆಳೆಸಿ ಉಣ್ಣುತ್ತದೆ. ಅದೂ ಒಬ್ಬ ರೈತನೇ ಎನ್ನಿ!

ಇಂಥ ದುಂಬಿ ಎಲ್ಲೆಲ್ಲಿ ಬಾಳಬಲ್ಲದೆಂದು ತಿಳಿಯಲು ವಿಜ್ಞಾನಿಗಳು ಅದು ಸಿಕ್ಕಿದ ಕಾಡು, ತೋಟಗಳನ್ನು ನಕ್ಷೆಯಲ್ಲಿ ಗುರುತಿಸುತ್ತಾರೆ. ಅಲ್ಲಿನ ಉಷ್ಣತೆ, ಮಳೆ, ಮರಗಳನ್ನು ನೋಡಿ, ಅಂಥದೇ ಬೇರೆ ಜಾಗಗಳನ್ನು ಹುಡುಕುತ್ತಾರೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಡ್ಜರಿನಲ್ಲಿ ಒಂದು ಹಳ್ಳಿಯ ಖಾತೆಯಿಲ್ಲವೆಂದರೆ ಅಲ್ಲಿ ಜನರೇ ಇಲ್ಲವೆಂದು ಅರ್ಥವೇ? ನಕ್ಷೆಯ ಖಾಲಿ ಜಾಗವೂ ಹಾಗೆಯೇ.

ಕಾಫಿಯ ಕಾಯಿಕೊರಕವೂ ಇದೇ ಬಳಗದ್ದು. ಆಫ್ರಿಕಾ ಮೂಲದ ಅದು ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಆಮೇಲೆ ಕೊಡಗಿಗೂ ಬಂತು. ಹವೆಯೂ ಕಾಫಿಯೂ ಅಲ್ಲಿ ಮೊದಲೇ ಇದ್ದವು. ದುಂಬಿ ತಲುಪುವುದೊಂದೇ ಬಾಕಿಯಿತ್ತು.

ಹಳೆಯ ಅನಂತಪುರ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 550 ಮಿಲಿಮೀಟರ್. ಅದನ್ನಷ್ಟೇ ಹಿಡಿದರೆ ಲೆಕ್ಕ ತಪ್ಪುತ್ತದೆ. ಹನಿ ನೀರಾವರಿಯ ತೋಟದ ತೇವ ಮಳೆಮಾಪಕಕ್ಕೆ ಸಿಗದು. ಸೊರಗಿದ, ಬೇರಲ್ಲಿ ನೀರು ನಿಂತ ಗಿಡದಿಂದ ಹೊರಡುವ ಹೆಂಡದಂಥ ವಾಸನೆಗೆ ಈ ದುಂಬಿ ಬರುತ್ತದೆ. ತೂತುಬಿದ್ದ ಕೊಂಬೆ ಕಡಿದು ಬೇಲಿಗೆ ಒಟ್ಟಬೇಡಿ, ಸುಟ್ಟುಬಿಡಿ. ಊರು, ತಾರೀಖು ಬರೆದು ತೋಟಗಾರಿಕೆ ಇಲಾಖೆಯವರಿಗೆ ಕೊಡಿ. ಗಡಿಯಾಚೆ ಪಾವಗಡದ ಕಡೆ ತೋಟವಿರುವ ನೆಂಟರಿಗೂ ಒಂದು ಮಾತು ಹೇಳಿ.